ಓದುಗರ ಪ್ರಶ್ನೆ: ಕರುಳಿಗೆ ವೈರಸ್ ನುಗ್ಗಿದಾಗ ಮೊದಲು ತಡೆಯುವುದು ಯಾರು?

ಮಕ್ಕಳ ವಾಂತಿಭೇದಿ ಬಗ್ಗೆ ಬರೆದಾಗ "ಕರುಳಿನ ಕೋಶಗಳೇ ಇಂಟರ್‌ಫೆರಾನ್ ಅನ್ನೋ ಪ್ರೋಟೀನು ಬಿಟ್ಟು ವೈರಸ್ಸನ್ನು ತಡೆಯುತ್ತವೆ" ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿನ ಮೇಲೆಯೇ ಪತ್ರಗಳು ಬಂದಿವೆ. ಖುಷಿಯಾಯಿತು, ಯಾಕೆಂದರೆ ಇದು ನನಗೆ ತುಂಬ ಇಷ್ಟದ ವಿಷಯ. ಈ ಸಲ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಒಂದೂವರೆ ವರ್ಷದ ಮಗಳಿಗೆ ರೋಟಾವೈರಸ್ ಬಂದಿತ್ತು. ಡಾಕ್ಟರು ಆಂಟಿಬಯಾಟಿಕ್ ಕೊಡಲಿಲ್ಲ. ಈ ವೈರಸ್ಸಿಗೆ ಅಂತ ಬೇರೆ ಔಷಧಿಯೂ ಇಲ್ಲ, ಓಆರ್‌ಎಸ್ ಕುಡಿಸುತ್ತಾ ಇರಿ ಅಂದರು. ಐದಾರು ದಿನಕ್ಕೆ ಹುಷಾರಾದಳು. ಹಾಗಾದರೆ ವೈರಸ್ಸನ್ನು ಓಡಿಸಿದ್ದು ಯಾರು? ಇಂಟರ್‌ಫೆರಾನ್ ಅಂದರೆ ಅದೇನಾ?

ಮಗು ಚೆನ್ನಾಗಿದೆ ಅಂತ ಓದಿ ಸಮಾಧಾನವಾಯಿತು. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ. ಆಂಟಿಬಯಾಟಿಕ್ ಇರುವುದು ಬ್ಯಾಕ್ಟೀರಿಯಾಗೆ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ. ಓಆರ್‌ಎಸ್ ಕೂಡ ವೈರಸ್ಸನ್ನು ಕೊಲ್ಲುವುದಿಲ್ಲ. ಮೈಯಿಂದ ಹೋದ ನೀರು, ಉಪ್ಪನ್ನು ವಾಪಸ್ ತುಂಬಿಸಿ ಮಗುವನ್ನು ಕಾಪಾಡುತ್ತದೆ. ಆ ಸಮಯದಲ್ಲಿ ಕರುಳು ತನ್ನ ಕೆಲಸ ತಾನು ಮಾಡಿಕೊಳ್ಳುತ್ತೆ.

ಆ ಕೆಲಸ ಹೇಗೆ ನಡೆಯುತ್ತೆ ಅಂತ ನೋಡೋಣ. ಕರುಳಿನ ಒಳಪದರ ಒಂದೇ ಒಂದು ಕೋಶದಷ್ಟು ದಪ್ಪ. ಈ ಕಡೆ ನಾವು ತಿಂದದ್ದು, ಕುಡಿದದ್ದು, ಕೋಟ್ಯಂತರ ಬ್ಯಾಕ್ಟೀರಿಯಾ. ಆ ಕಡೆ ರಕ್ತ. ನಡುವೆ ಇರುವುದು ಅಷ್ಟೇ. ಸಣ್ಣ ಕರುಳಿನ ಒಳಮೈ ತುಂಬ ವಿಲ್ಲೈ ಅನ್ನೋ ಪುಟ್ಟ ಪುಟ್ಟ ಎಳೆಗಳು ಎದ್ದು ನಿಂತಿರುತ್ತವೆ. ರೋಟಾವೈರಸ್ ನುಗ್ಗುವುದು ಈ ಎಳೆಗಳ ತುದಿಯ ಕಡೆ ಇರುವ, ಬಲಿತ ಕೋಶಗಳಿಗೆ. ನೀರನ್ನೂ ಆಹಾರವನ್ನೂ ಹೀರಿಕೊಳ್ಳುವ ಕೋಶಗಳು ಅವೇ. ಅವು ಸತ್ತರೆ ಹೀರುವ ಕೆಲಸ ನಿಲ್ಲುತ್ತೆ. ಅದರ ಜೊತೆಗೆ ಈ ವೈರಸ್ಸಿನ ಎನ್‌ಎಸ್‌ಪಿ4 ಅನ್ನೋ ಪ್ರೋಟೀನು ವಿಷದ ಹಾಗೆ ಕೆಲಸ ಮಾಡಿ ಕರುಳಿನೊಳಗೆ ಇನ್ನೂ ನೀರು ಸುರಿಯುವಂತೆ ಮಾಡುತ್ತೆ. ಭೇದಿ ಆಗುವುದು ಹೀಗೆ.

ವೈರಸ್ ಒಳಗೆ ಬಂದ ಕೋಶ ಸುಮ್ಮನೆ ಕೂತಿರುವುದಿಲ್ಲ. ರೋಟಾವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, ಎರಡೆಳೆಯದು. ಅಷ್ಟು ಉದ್ದದ ಎರಡೆಳೆ ಆರ್‌ಎನ್‌ಎ ಆರೋಗ್ಯವಾಗಿರುವ ನಮ್ಮ ಕೋಶದೊಳಗೆ ಓಡಾಡುವಂಥದ್ದಲ್ಲ. ಅದನ್ನು ಗುರುತು ಹಿಡಿಯಲಿಕ್ಕೇ ಕೋಶದಲ್ಲಿ ರಿಗ್-ಐ, ಎಂಡಿಎ5 ಅನ್ನೋ ಪ್ರೋಟೀನುಗಳಿವೆ. ಅವು ಮೈಟೊಕಾಂಡ್ರಿಯಾ ಮೇಲಿರುವ ಇನ್ನೊಂದು ಪ್ರೋಟೀನಿಗೆ ಸುದ್ದಿ ಕೊಡುತ್ತವೆ, ಅಲ್ಲಿಂದ ಐಆರ್‌ಎಫ್3 ಅನ್ನೋದು ಎಚ್ಚೆತ್ತು ನ್ಯೂಕ್ಲಿಯಸ್ಸಿಗೆ ಹೋಗುತ್ತೆ, ಅಲ್ಲಿ ಇಂಟರ್‌ಫೆರಾನ್ ಜೀನುಗಳನ್ನು ಶುರು ಮಾಡಿಸುತ್ತೆ. ಇದೆಲ್ಲ ಆಗುವುದು ಕೆಲವೇ ಗಂಟೆಗಳಲ್ಲಿ.

ಹಾಗೆ ಹೊರಬಿದ್ದ ಇಂಟರ್‌ಫೆರಾನ್ ನೇರವಾಗಿ ವೈರಸ್ಸನ್ನು ಮುಟ್ಟುವುದೇ ಇಲ್ಲ. ಇದನ್ನ ತುಂಬ ಜನ ತಪ್ಪು ತಿಳಿದಿರುತ್ತಾರೆ. ಅದು ಹೋಗಿ ಅಕ್ಕಪಕ್ಕದ ಕೋಶಗಳ ಮೇಲಿರುವ ರಿಸೆಪ್ಟರ್ (ಸುದ್ದಿ ಹಿಡಿಯುವ ಪ್ರೋಟೀನು) ಮೇಲೆ ಕೂರುತ್ತೆ. ಕೂತ ಕೂಡಲೇ ಆ ಕೋಶದಲ್ಲಿ ನೂರಾರು ಜೀನುಗಳು ಒಟ್ಟಿಗೆ ಕೆಲಸಕ್ಕೆ ಇಳಿಯುತ್ತವೆ. ಅದರಲ್ಲಿ ಒಂದು, ಪಿಕೆಆರ್, ವೈರಸ್ಸಿನ ಸುಳಿವು ಸಿಕ್ಕರೆ ಕೋಶದಲ್ಲಿ ಪ್ರೋಟೀನು ತಯಾರಾಗುವುದನ್ನೇ ನಿಲ್ಲಿಸಿಬಿಡುತ್ತೆ. ವೈರಸ್ಸಿಗೆ ಬೇಕಾದದ್ದೂ ಅದೇ ಅಲ್ವಾ, ನಮ್ಮ ಕೋಶದ ಯಂತ್ರ ಬಳಸಿ ತನ್ನ ಪ್ರೋಟೀನು ಮಾಡಿಕೊಳ್ಳುವುದು. ಅದಕ್ಕೇ ಅವಕಾಶ ಇಲ್ಲದಂತಾಗುತ್ತೆ. ಇನ್ನೊಂದು ಗುಂಪು, ಓಎಎಸ್ ಮತ್ತು ಆರ್‌ಎನ್‌ಏಸ್ ಎಲ್, ಆರ್‌ಎನ್‌ಎಯನ್ನೇ ಕತ್ತರಿಸಿ ಹಾಕುತ್ತೆ. ಅಂದರೆ ವೈರಸ್ ಮೊದಲ ಕೋಶದಿಂದ ಹೊರಬಂದು ಪಕ್ಕದ ಕೋಶಕ್ಕೆ ಹೋಗುವಷ್ಟರಲ್ಲಿ ಅಲ್ಲಿ ಎಲ್ಲ ತಯಾರಿ ಮುಗಿದಿರುತ್ತೆ.

ಆದರೆ ಪೂರ್ತಿ ಗೆಲುವನ್ನು ಇಂಟರ್‌ಫೆರಾನ್ ಲೆಕ್ಕಕ್ಕೇ ಬರೆಯಬೇಡಿ. ಸೋಂಕು ತಗುಲಿದ ಕೋಶಗಳನ್ನು ಕರುಳು ಉದುರಿಸಿ ಹಾಕುತ್ತೆ. ಮಾಮೂಲಿ ದಿನಗಳಲ್ಲೂ ಈ ಪದರ 3ರಿಂದ 5 ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತೆ. ಆಂಟಿಬಾಡಿಗಳು, ಟಿ ಕೋಶಗಳು ತಯಾರಾಗಿ ಬರಲಿಕ್ಕೆ ಹಲವು ದಿನ ಬೇಕು, ಬಂದ ಮೇಲೆ ಉಳಿದ ವೈರಸ್ಸನ್ನು ಅವು ಮುಗಿಸುತ್ತವೆ. ಆ ಹಲವು ದಿನ ಕೈಜಾರದಂತೆ ಹಿಡಿದಿಡುವುದು ಇಂಟರ್‌ಫೆರಾನ್ ಕೆಲಸ.

ಪ್ರಶ್ನೆ: ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ನಾವು ಓದಿದ್ದು ಆಲ್ಫಾ, ಬೀಟಾ, ಗಾಮಾ ಅಂತ ಮೂರು ಇಂಟರ್‌ಫೆರಾನ್. ಈಗ ಲ್ಯಾಂಬ್ಡಾ ಅಂತ ಹೊಸದು ಕೇಳುತ್ತಿದ್ದೇನೆ. ಅದು ಎಲ್ಲಿಂದ ಬಂತು? ಆಲ್ಫಾ, ಬೀಟಾ ಇರುವಾಗ ಕರುಳಿಗೆ ಇನ್ನೊಂದು ಯಾಕೆ ಬೇಕಿತ್ತು?

ಮೇಷ್ಟ್ರೇ, ಇವತ್ತಿನ ಪತ್ರಗಳಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಬರೆಯುತ್ತೇನೆ.

ಇಂಟರ್‌ಫೆರಾನ್ ಸಿಕ್ಕಿದ್ದು 1957ರಲ್ಲಿ. ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ ಸೇರಿ, ಕಾಯಿಸಿ ಸಾಯಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಪೊರೆಯ ಜೊತೆ ಇಟ್ಟು ನೋಡಿದರು. ಆ ಪೊರೆ ಬಿಟ್ಟ ಯಾವುದೋ ಒಂದು ವಸ್ತು, ಹೊಸ ಪೊರೆಯನ್ನೂ ಜೀವಂತ ವೈರಸ್ಸಿನಿಂದ ಕಾಪಾಡುತ್ತಿತ್ತು. ಲ್ಯಾಂಬ್ಡಾ ಸಿಕ್ಕಿದ್ದು ಅದಾಗಿ 40 ವರ್ಷಕ್ಕೂ ಜಾಸ್ತಿ ಆದ ಮೇಲೆ, 2003ರಲ್ಲಿ, ಎರಡು ಗುಂಪುಗಳಿಗೆ ಬೇರೆಬೇರೆಯಾಗಿ. ಹಳೇ ಪುಸ್ತಕಗಳಲ್ಲಿ ಇಲ್ಲದಿರುವುದಕ್ಕೆ ಕಾರಣ ಇಷ್ಟೇ. ಈಗ ಆಲ್ಫಾ, ಬೀಟಾವನ್ನು ಒಂದನೇ ವರ್ಗ, ಗಾಮಾವನ್ನು ಎರಡನೇ ವರ್ಗ, ಲ್ಯಾಂಬ್ಡಾವನ್ನು ಮೂರನೇ ವರ್ಗ ಅಂತ ವಿಂಗಡಿಸುತ್ತಾರೆ.

ಒಂದನೇ ವರ್ಗಕ್ಕೂ ಮೂರನೇ ವರ್ಗಕ್ಕೂ ಕೋಶದೊಳಗೆ ನಡೆಯುವ ಕೆಲಸ ಹೆಚ್ಚೂಕಮ್ಮಿ ಒಂದೇ. ಎರಡೂ ಸ್ಟಾಟ್1, ಸ್ಟಾಟ್2 ಅನ್ನೋ ಪ್ರೋಟೀನುಗಳ ಮೂಲಕ ಬಹುಪಾಲು ಅವೇ ಜೀನುಗಳನ್ನು ಎಬ್ಬಿಸುತ್ತವೆ. ವ್ಯತ್ಯಾಸ ಇರುವುದು ಮುಖ್ಯವಾಗಿ ರಿಸೆಪ್ಟರಿನಲ್ಲಿ. ಆಲ್ಫಾ ಬೀಟಾ ರಿಸೆಪ್ಟರ್ ಮೈಯ ಹೆಚ್ಚೂಕಡಿಮೆ ಎಲ್ಲ ಕೋಶಗಳಲ್ಲೂ ಇದೆ. ಲ್ಯಾಂಬ್ಡಾದ ರಿಸೆಪ್ಟರ್ ಮುಖ್ಯವಾಗಿ ಇರುವುದು ಒಳಪದರದ ಕೋಶಗಳಲ್ಲಿ, ಅಂದರೆ ಕರುಳು, ಶ್ವಾಸನಾಳ ಇಂಥ ಕಡೆ. ಅದರ ಜೊತೆಗೆ ನ್ಯೂಟ್ರೋಫಿಲ್‌ನಂಥ ಕೆಲವು ಬಿಳಿ ರಕ್ತಕಣಗಳಲ್ಲಿ, ಮನುಷ್ಯರ ಪಿತ್ತಜನಕಾಂಗದ ಕೋಶಗಳಲ್ಲಿ.

ಈಗ ಕರುಳಿನ ಪರಿಸ್ಥಿತಿ ಯೋಚನೆ ಮಾಡಿ. ಅಲ್ಲಿಗೆ ಹೊರಗಿನದು ಬರುವುದು ನಿಂತದ್ದೇ ಇಲ್ಲ. ಪ್ರತಿ ಸಲವೂ ಆಲ್ಫಾ ಬೀಟಾ ದಂಡಿಯಾಗಿ ಹೊರಟು ರಕ್ತಕ್ಕೆ ಸೇರಿ, ಎಲ್ಲ ಬಿಳಿ ರಕ್ತಕಣಗಳನ್ನೂ ಎಬ್ಬಿಸಿ, ಜ್ವರ, ಮೈಕೈ ನೋವು, ಉರಿಯೂತ ಶುರುವಾದರೆ ನಮಗೆ ಬದುಕೇ ಕಷ್ಟ. ಒಂದು ಕೋಶದಷ್ಟು ದಪ್ಪದ ಆ ಪದರಕ್ಕೂ ಉರಿಯೂತ ಒಳ್ಳೆಯದಲ್ಲ, ಅದು ಹರಿದರೆ ಬ್ಯಾಕ್ಟೀರಿಯಾ ಒಳಗೆ ಬರುತ್ತವೆ. ಲ್ಯಾಂಬ್ಡಾ ಇದ್ದರೆ ಒಳಪದರದ ಕೋಶಗಳು ತಮ್ಮ ತಮ್ಮಲ್ಲೇ ಸುದ್ದಿ ಮುಟ್ಟಿಸಿಕೊಂಡು, ಅಲ್ಲೇ ತಡೆದು, ಮೈಗೆಲ್ಲ ಗೊತ್ತಾಗದ ಹಾಗೆ ಕೆಲಸ ಮುಗಿಸಬಹುದು. ಕರುಳಿನ ರಕ್ಷಣೆಯಲ್ಲಿ ನನಗೆ ದೊಡ್ಡದು ಅನ್ನಿಸುವುದು ಇದೇ. ವೈರಸ್ಸನ್ನು ಎಷ್ಟು ಜೋರಾಗಿ ಹೊಡೆಯುತ್ತೆ ಅನ್ನುವುದಕ್ಕಿಂತ, ತನ್ನ ಪದರ ಹಾಳಾಗದ ಹಾಗೆ ಹೊಡೆಯುತ್ತೆ ಅನ್ನುವುದು.

ಇದು ಬರೀ ಊಹೆಯಲ್ಲ. 2011ರಲ್ಲಿ ಇಲಿಗಳಲ್ಲಿ ಪ್ರಯೋಗ ಆಯಿತು. ಲ್ಯಾಂಬ್ಡಾ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ರೋಟಾವೈರಸ್ ಜಾಸ್ತಿ ಬೆಳೆಯಿತು. ಆಲ್ಫಾ ಬೀಟಾ ರಿಸೆಪ್ಟರ್ ಮಾತ್ರ ಇಲ್ಲದ ಇಲಿಗಳಲ್ಲಿ ಹಾಗಾಗಲಿಲ್ಲ. 2015ರಲ್ಲಿ ಇನ್ನೊಂದು ಗುಂಪು ಇಲಿಯ ನೊರೊವೈರಸ್ (ನಮಗೆ ವಾಂತಿಭೇದಿ ತರುವ ನೊರೊವೈರಸ್ಸಿನ ಜಾತಿಯದು) ಇಟ್ಟುಕೊಂಡು ನೋಡಿದಾಗ ಕೆಲಸ ಹಂಚಿಕೊಂಡಿರುವುದು ಇನ್ನೂ ಸ್ಪಷ್ಟವಾಯಿತು. ಕರುಳಿನ ಒಳಪದರದಲ್ಲಿ ವೈರಸ್ ಬೆಳೆದು ಮಲದಲ್ಲಿ ಹೊರಹೋಗುವುದನ್ನು ತಡೆಯುವುದು ಲ್ಯಾಂಬ್ಡಾ. ಪದರ ದಾಟಿ ಮೈಯೊಳಗೆ ಹರಡುವುದನ್ನು ತಡೆಯುವುದು ಆಲ್ಫಾ ಬೀಟಾ. ಒಂದು ಇಲ್ಲದಿದ್ದರೆ ಇನ್ನೊಂದು ಆ ಜಾಗ ತುಂಬುವುದಿಲ್ಲ.

ಮಕ್ಕಳಿಗೆ ಹೇಳುವಾಗ ಒಂದು ಎಚ್ಚರಿಕೆ ಇರಲಿ. ಗೆರೆ ಹಾಕಿದಷ್ಟು ನೇರವಾಗಿ ಇಲ್ಲ ಇದು. ಹುಟ್ಟಿದ ಹೊಸದರಲ್ಲಿ ಇಲಿಮರಿಗಳ ಕರುಳಿನ ಕೋಶಗಳು ಆಲ್ಫಾ ಬೀಟಾಗೂ ಚೆನ್ನಾಗಿ ಸ್ಪಂದಿಸುತ್ತವೆ, ದೊಡ್ಡದಾಗುತ್ತಾ ಅದು ಕಡಿಮೆಯಾಗುತ್ತೆ. ಮನುಷ್ಯರ ಕರುಳಿನ ಕೋಶಗಳಿಂದ ಲ್ಯಾಬಿನಲ್ಲಿ ಬೆಳೆಸುವ, ಪುಟಾಣಿ ಕರುಳಿನಂಥ ಆರ್ಗನಾಯ್ಡುಗಳು ಎರಡಕ್ಕೂ ಸ್ಪಂದಿಸುತ್ತವೆ. ಆದರೆ ರೋಟಾವೈರಸ್ ಹಾಕಿದಾಗ ಆ ಆರ್ಗನಾಯ್ಡುಗಳು ತಾವಾಗಿ ತಯಾರಿಸುವುದು ಹೆಚ್ಚಾಗಿ ಲ್ಯಾಂಬ್ಡಾವನ್ನೇ.

ಪ್ರಶ್ನೆ: ಇಷ್ಟೆಲ್ಲ ವ್ಯವಸ್ಥೆ ಇದ್ದರೂ ನಮಗೆ ವಾಂತಿಭೇದಿ ಆಗುವುದು ಯಾಕೆ?

ಯಾಕೆಂದರೆ ವೈರಸ್ಸುಗಳೂ ಇಂಟರ್‌ಫೆರಾನ್ ಜೊತೆಗೇ ಬೆಳೆದು ಬಂದಿವೆ. ರೋಟಾವೈರಸ್ಸಿನಲ್ಲಿ ಎನ್‌ಎಸ್‌ಪಿ1 ಅಂತ ಒಂದು ಪ್ರೋಟೀನಿದೆ. ಮೇಲೆ ಐಆರ್‌ಎಫ್3 ಅಂತ ಹೇಳಿದೆನಲ್ಲ, ಇಂಟರ್‌ಫೆರಾನ್ ಜೀನು ಶುರು ಮಾಡಿಸುವುದು, ರೋಟಾವೈರಸ್ಸಿನ ಹಲವು ತಳಿಗಳಲ್ಲಿ ಈ ಎನ್‌ಎಸ್‌ಪಿ1 ಅದನ್ನೇ ಕೋಶದ ಕಸದ ದಾರಿಗೆ ಹಾಕಿ ನಾಶ ಮಾಡಿಸುತ್ತೆ. ಸುದ್ದಿ ಹೊರಗೆ ಹೋಗುವ ಮೊದಲೇ ಬಾಯಿ ಮುಚ್ಚಿಸುವುದು.

ಇಲ್ಲಿ ಒಂದು ಸಂಗತಿ ನೋಡಿ. ಮಂಗನ ರೋಟಾವೈರಸ್ಸನ್ನು ಇಲಿಗೆ ಕೊಟ್ಟರೆ ಇಲಿಯ ಇಂಟರ್‌ಫೆರಾನ್ ಅದನ್ನು ಚೆನ್ನಾಗಿ ಹಿಡಿಯುತ್ತೆ. ಇಲಿಯದೇ ರೋಟಾವೈರಸ್ ಕೊಟ್ಟರೆ ಅಷ್ಟೊಂದು ಹಿಡಿತ ಸಿಗುವುದಿಲ್ಲ. ಯಾವ ಪ್ರಾಣಿಯ ವೈರಸ್ಸೋ ಅದು ಆ ಪ್ರಾಣಿಯ ರಕ್ಷಣೆಯನ್ನು ತಪ್ಪಿಸಿಕೊಳ್ಳಲಿಕ್ಕೆ ಕಲಿತಿರುತ್ತೆ. ಒಂದು ಪ್ರಾಣಿಯ ವೈರಸ್ ಇನ್ನೊಂದಕ್ಕೆ ಸುಲಭವಾಗಿ ದಾಟದಿರುವುದಕ್ಕೆ ಇಂಟರ್‌ಫೆರಾನ್ ಕೂಡ ಒಂದು ಕಾರಣ ಅಂದ ಹಾಗಾಯಿತು.

ವೈರಸ್ಸಿನ ಸಂಖ್ಯೆಯೂ ಒಂದು ಕಾರಣ. ರೋಟಾವೈರಸ್ ಬಂದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿ ವೈರಸ್ ಕಣಗಳು ಇರಬಹುದು. ಸೋಂಕು ಹತ್ತಲಿಕ್ಕೆ ಬೇಕಾಗುವುದು ತೀರಾ ಸ್ವಲ್ಪ. ಆದ್ದರಿಂದ ಕೈ ತೊಳೆಯುವುದನ್ನು ಬಿಡಬೇಡಿ, ಮತ್ತು ನೊರೊವೈರಸ್ ವಿಷಯದಲ್ಲಿ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು.

ಪ್ರಶ್ನೆ: ಆಂಟಿಬಯಾಟಿಕ್ ಕೊಟ್ಟ ಇಲಿಗಳಲ್ಲಿ ನೊರೊವೈರಸ್ ನೆಲೆ ನಿಲ್ಲಲಿಲ್ಲ ಅಂತ ಎಲ್ಲೋ ಓದಿದೆ. ಹಾಗಾದರೆ ಭೇದಿಗೆ ಆಂಟಿಬಯಾಟಿಕ್ ತಗೊಂಡರೆ ತಪ್ಪೇನು?

ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ. ನೀವು ಓದಿದ್ದು ನಿಜವಾದ ಪ್ರಯೋಗವೇ, ಆದರೆ ಅದು ಹೇಳುವುದು ಬೇರೆ.

2015ರಲ್ಲಿ ಎರಡು ಅಧ್ಯಯನ ಒಟ್ಟಿಗೆ ಬಂದವು. ಇಲಿಯ ನೊರೊವೈರಸ್ಸಿನ ಕೆಲವು ತಳಿಗಳು ಇಲಿಯ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದುಬಿಡುತ್ತವೆ. ಮೊದಲೇ ಆಂಟಿಬಯಾಟಿಕ್ ಕೊಟ್ಟು ಕರುಳಿನ ಬ್ಯಾಕ್ಟೀರಿಯಾ ತೆಗೆದರೆ ವೈರಸ್ ಹಾಗೆ ನೆಲೆ ನಿಲ್ಲಲಿಲ್ಲ. ಆದರೆ ಲ್ಯಾಂಬ್ಡಾ ರಿಸೆಪ್ಟರ್ ಇಲ್ಲದ ಇಲಿಗಳಿಗೆ ಅದೇ ಆಂಟಿಬಯಾಟಿಕ್ ಕೊಟ್ಟರೂ ವೈರಸ್ ನೆಲೆ ನಿಂತಿತು. ಅಂದರೆ ವೈರಸ್ಸನ್ನು ತಡೆದದ್ದು ಆಂಟಿಬಯಾಟಿಕ್ ಅಲ್ಲ, ಲ್ಯಾಂಬ್ಡಾ. ಬ್ಯಾಕ್ಟೀರಿಯಾ ಇದ್ದಾಗ ಈ ವೈರಸ್ ಲ್ಯಾಂಬ್ಡಾ ಕೈಯಿಂದ ಜಾರಿಕೊಳ್ಳುತ್ತಿತ್ತು, ಅಷ್ಟೇ. ಎರಡನೇ ಅಧ್ಯಯನ ನನಗೆ ಇನ್ನೂ ಆಶ್ಚರ್ಯ ಅನ್ನಿಸಿದ್ದು. ಬಿ ಕೋಶವೂ ಇಲ್ಲದ, ಟಿ ಕೋಶವೂ ಇಲ್ಲದ, ಅಂದರೆ ಆಂಟಿಬಾಡಿ ಮಾಡುವ ಶಕ್ತಿಯೇ ಇಲ್ಲದ ಇಲಿಗಳಿಗೆ ಹೊರಗಿನಿಂದ ಲ್ಯಾಂಬ್ಡಾ ಕೊಟ್ಟಾಗ ಬೇರೂರಿದ್ದ ನೊರೊವೈರಸ್ ಪೂರ್ತಿ ಹೋಗಿಬಿಟ್ಟಿತು. ಒಳಪದರದ ಕೋಶಗಳು ತಮ್ಮ ಬಲದಿಂದಲೇ ಸೋಂಕು ತೊಳೆದುಹಾಕಬಲ್ಲವು ಅಂತಾಯಿತು. ಆ ವೈರಸ್ ಅಡಗಿ ಕೂರುವುದು ಕರುಳಿನ ಟಫ್ಟ್ ಕೋಶ ಅನ್ನೋ ಅಪರೂಪದ ಕೋಶಗಳಲ್ಲಿ ಅಂತ 2018ರಲ್ಲಿ ಗೊತ್ತಾಯಿತು.

ಇನ್ನೊಂದು ಮುಖವೂ ಇದೆ. ಯಾವ ಸೋಂಕೂ ಇಲ್ಲದ ಆರೋಗ್ಯವಂತ ಇಲಿಯ ಕರುಳಿನಲ್ಲೂ ಅಲ್ಲಲ್ಲಿ ಕೆಲವು ಜಾಗಗಳಲ್ಲಿ ಇಂಟರ್‌ಫೆರಾನ್ ಜೀನುಗಳು ಸಣ್ಣಗೆ ಎಚ್ಚರವಾಗಿಯೇ ಇರುತ್ತವೆ. ಹಾಗೆ ಇಡುವುದು ಕರುಳಿನ ಬ್ಯಾಕ್ಟೀರಿಯಾಗಳು, ಲ್ಯಾಂಬ್ಡಾ ಮೂಲಕ. ಆಂಟಿಬಯಾಟಿಕ್ ಕೊಟ್ಟರೆ ಆ ಎಚ್ಚರ ಇಳಿಯುತ್ತೆ. ಅದನ್ನು ಮತ್ತೆ ಏರಿಸಿದಾಗ ರೋಟಾವೈರಸ್ ಬೆಳೆಯುವುದು ಶುರುವಿನಲ್ಲಿ ಕಡಿಮೆಯಾಯಿತು. ಒಂದು ವೈರಸ್ಸಿಗೆ ಅನುಕೂಲ ಮಾಡಿಕೊಡುವ ಬ್ಯಾಕ್ಟೀರಿಯಾ ಇನ್ನೊಂದು ವೈರಸ್ಸಿನ ದಾರಿಗೆ ಅಡ್ಡ ನಿಲ್ಲುತ್ತೆ. ಇಷ್ಟು ಸೂಕ್ಷ್ಮ ಇರುವ ಕಡೆ ಮೆಡಿಕಲ್ ಶಾಪಿನಿಂದ ನೀವೇ ಆಂಟಿಬಯಾಟಿಕ್ ತಂದು ನುಂಗುವುದು ಸರಿಯಲ್ಲ. ಆಂಟಿಬಯಾಟಿಕ್‌ನಿಂದಲೇ ಭೇದಿ ಶುರುವಾಗುವುದೂ ಉಂಟು.

ಪ್ರಶ್ನೆ: ಇಂಟರ್‌ಫೆರಾನ್ ಜಾಸ್ತಿ ಆಗುವ ಆಹಾರ, ಮಾತ್ರೆ ಯಾವುದಾದರೂ ಇದೆಯಾ? ಇಂಜೆಕ್ಷನ್ ಕೊಡಬಹುದಲ್ಲ?

ಕರುಳಿನ ವೈರಸ್ಸಿಗೆ ಇಂಟರ್‌ಫೆರಾನ್ ಏರಿಸುತ್ತೆ ಅಂತ ಸಾಬೀತಾದ ಆಹಾರ ಯಾವುದೂ ಇಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ. ಇಂಟರ್‌ಫೆರಾನನ್ನೇ ನುಂಗಿದರೂ ಅದು ಪ್ರೋಟೀನು, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತೆ.

ಇಂಜೆಕ್ಷನ್ ಇದೆ. ಆಲ್ಫಾ ಇಂಟರ್‌ಫೆರಾನನ್ನು ಹೆಪಟೈಟಿಸ್ ಬಿ, ಸಿ ರೋಗಿಗಳಿಗೆ ವರ್ಷಗಟ್ಟಲೆ ಬಳಸಿದ್ದಾರೆ. ತಗೊಂಡವರನ್ನು ಕೇಳಿದರೆ ಗೊತ್ತಾಗುತ್ತೆ ಅದರ ಕಷ್ಟ. ಜ್ವರ, ಚಳಿ, ವಿಪರೀತ ಸುಸ್ತು, ಕೆಲವರಿಗೆ ಖಿನ್ನತೆ. ರಿಸೆಪ್ಟರ್ ಎಲ್ಲ ಕಡೆ ಇದೆ ಅಂದೆನಲ್ಲ, ಅದರ ಫಲ ಇದು. ಅದಕ್ಕೇ ಲ್ಯಾಂಬ್ಡಾ ಮೇಲೆ ಜನರಿಗೆ ಆಸೆ ಜಾಸ್ತಿ. ಕೋವಿಡ್ ಬಂದವರಿಗೆ ಕಾಯಿಲೆಯ ಶುರುವಿನಲ್ಲೇ ಒಂದು ಲ್ಯಾಂಬ್ಡಾ ಇಂಜೆಕ್ಷನ್ ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಆಸ್ಪತ್ರೆಗೆ ಸೇರುವ ಅಥವಾ ಎಮರ್ಜೆನ್ಸಿಯಲ್ಲಿ ತುಂಬ ಹೊತ್ತು ಇರಬೇಕಾಗುವ ಪ್ರಸಂಗ ಸುಮಾರು ಅರ್ಧಕ್ಕೆ ಇಳಿದಿತ್ತು. ಅದು ಶ್ವಾಸದ ವೈರಸ್. ಕರುಳಿನ ವೈರಸ್ಸಿಗೆ ನಿಮ್ಮ ಡಾಕ್ಟರು ಬರೆದುಕೊಡುವ ಲ್ಯಾಂಬ್ಡಾ ಔಷಧಿ ಇನ್ನೂ ಇಲ್ಲ.

ಜಾಸ್ತಿ ಆದರೆ ಒಳ್ಳೆಯದು ಅಂತಲೂ ಇಲ್ಲ. 2020ರಲ್ಲಿ ಇಲಿಗಳ ಶ್ವಾಸಕೋಶದಲ್ಲಿ ನೋಡಿದಾಗ, ಲ್ಯಾಂಬ್ಡಾ ತುಂಬ ದಿನ ಏರಿದ್ದರೆ ಹಾಳಾದ ಪದರ ರಿಪೇರಿ ಆಗುವುದು ನಿಧಾನವಾಗುತ್ತಿತ್ತು. ಇಂಟರ್‌ಫೆರಾನ್ ಕೋಶ ವಿಭಜನೆಗೆ ತಡೆ ಹಾಕುತ್ತೆ, ಗಾಯ ಮಾಯಬೇಕಾದರೆ ವಿಭಜನೆ ಬೇಕು. ಬೇಗ ಏರಿ ಬೇಗ ಇಳಿಯಬೇಕು, ಆಗಲೇ ಲಾಭ.

ಪ್ರಶ್ನೆ: ಒಮ್ಮೆ ಬಂದು ಹೋದ ವೈರಸ್ಸನ್ನು ಇಂಟರ್‌ಫೆರಾನ್ ನೆನಪಿಟ್ಟುಕೊಳ್ಳುತ್ತಾ?

ಇಲ್ಲ. ನೆನಪು ಇರುವುದು ಬಿ ಮತ್ತು ಟಿ ಕೋಶಗಳಿಗೆ. ರೋಟಾವೈರಸ್ ಲಸಿಕೆಯ ಹನಿಗಳು ಆ ನೆನಪನ್ನು ಮೊದಲೇ ಮೂಡಿಸುತ್ತವೆ. ಎಲ್ಲ ದೇಶಗಳೂ ಮಕ್ಕಳಿಗೆ ಹಾಕಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಮನೆಯಲ್ಲಿ ಹಸುಗೂಸು ಇದ್ದರೆ ತಪ್ಪದೆ ಹಾಕಿಸಿ, ಮೊದಲ ಡೋಸಿಗೆ ತಡ ಮಾಡಬೇಡಿ.

ಪ್ರಶ್ನೆ: ನಾನು ಮೈಕ್ರೋಬಯಾಲಜಿ ವಿದ್ಯಾರ್ಥಿನಿ. ಇಂಟರ್‌ಫೆರಾನ್ ಕೋಶ ವಿಭಜನೆ ತಡೆಯುತ್ತೆ ಅಂತ ಓದಿದ್ದೇನೆ. ಹಾಗಾದರೆ ಸದಾ ವಿಭಜನೆ ಆಗುತ್ತಲೇ ಇರುವ ಕರುಳಿನ ಸ್ಟೆಮ್ ಸೆಲ್‌ಗಳ ಗತಿ ಏನು?

ಒಳ್ಳೆ ಜಾಗಕ್ಕೇ ಕೈ ಹಾಕಿದ್ದೀರಿ. ಕರುಳಿನ ಪದರ ಹೊಸದಾಗುವುದು ವಿಲ್ಲೈಗಳ ಬುಡದ ಗುಳಿಗಳಲ್ಲಿರುವ ಸ್ಟೆಮ್ ಸೆಲ್‌ಗಳಿಂದ. ಇಂಟರ್‌ಫೆರಾನಿಗೆ ಅವೂ ಬೇರೆ ಕೋಶಗಳಷ್ಟೇ ಸ್ಪಂದಿಸಿದರೆ ಪ್ರತಿ ಸೋಂಕಿಗೂ ಪದರ ಬೆಳೆಯುವುದೇ ನಿಂತುಹೋಗುತ್ತೆ. ಸ್ಪಂದಿಸದಿದ್ದರೆ ವೈರಸ್ಸಿಗೆ ಬಾಗಿಲು ತೆರೆದಿಟ್ಟ ಹಾಗೆ. ಮೈಯ ಹಲವು ಬಗೆಯ ಸ್ಟೆಮ್ ಸೆಲ್‌ಗಳು ಇದಕ್ಕೆ ಬೇರೆಯೇ ದಾರಿ ಹಿಡಿದಿವೆ ಅಂತ 2018ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಅವು ಇಂಟರ್‌ಫೆರಾನಿಗೆ ತೀರಾ ಕಡಿಮೆ ಸ್ಪಂದಿಸುತ್ತವೆ. ಬದಲಿಗೆ ವೈರಸ್ ತಡೆಯುವ ಜೀನುಗಳಲ್ಲಿ ಕೆಲವನ್ನು ಆರಿಸಿಕೊಂಡು, ಇಂಟರ್‌ಫೆರಾನ್ ಸುದ್ದಿಗೆ ಕಾಯದೆ, ಯಾವಾಗಲೂ ಚಾಲೂ ಇಟ್ಟುಕೊಂಡಿರುತ್ತವೆ. ಬಲಿತ ಕೋಶವಾಗುತ್ತಾ ಹೋದಂತೆ ಆ ಸ್ವಂತ ರಕ್ಷಣೆ ಇಳಿಯುತ್ತೆ, ಇಂಟರ್‌ಫೆರಾನಿಗೆ ಸ್ಪಂದಿಸುವ ಶಕ್ತಿ ಏರುತ್ತೆ. ಸ್ಟೆಮ್ ಸೆಲ್‌ಗಳು ಯಾವ ಜೀನುಗಳನ್ನು ಆರಿಸಿಕೊಳ್ಳುತ್ತವೆ ಅನ್ನುವುದು ಅಂಗಾಂಗಕ್ಕೆ ತಕ್ಕಂತೆ ಬೇರೆಯಾಗುತ್ತೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿಂದ ಶುರು ಮಾಡಿ, ಬರೆದು ಕಳಿಸಿದರೆ ಖಂಡಿತ ಓದುತ್ತೇನೆ.